ಸ್ವೀಡನ್ ಬೋರ್ಡ್ ಎಣಿಸೋಕೆ ಹೋಗಿ ಎಡವಿದ್ದು

ಬೆಂಗಳೂರಲ್ಲಿ ಆರು ವರ್ಷ ಕಂಪನಿ ಸೆಕ್ರೆಟರಿ ಆಗಿದ್ದೋಳು ನಾನು. ಲಿಸ್ಟೆಡ್ ಕಂಪನಿ, ಅಂದ್ರೆ ಷೇರುಪೇಟೇಲಿ ಇರೋದು, ಹಾಗಾಗಿ ಮೂರು ತಿಂಗಳಿಗೊಂದ್ಸಲ ಕಂಪನಿ ಆಡಳಿತ ಹೇಗಿದೆ ಅನ್ನೋ ಗವರ್ನೆನ್ಸ್ ರಿಪೋರ್ಟ್ ಫೈಲ್ ಮಾಡೋದೇ ಜೀವನ, ಇಂಡಿಪೆಂಡೆಂಟ್ ಡೈರೆಕ್ಟರ್ (ಕಂಪನಿ ಜೊತೆ ಬೇರೆ ನಂಟಿಲ್ಲದ ನಿರ್ದೇಶಕರು) ಎಷ್ಟು ಜನ, ಮಹಿಳೆ ಇದಾರಾ, ಆಡಿಟ್ ಕಮಿಟಿ ಸೇರ್ತಾ, ಟಿಕ್ ಟಿಕ್ ಟಿಕ್. ಆಮೇಲೆ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಓದೋಕೆ ಬಂದೆ, ಮಾಸ್ಟರ್ಸ್ ಮುಗಿದ ಮೇಲೆ ಅಲ್ಲೇ ಒಂದು ರಿಸರ್ಚ್ ಪ್ರಾಜೆಕ್ಟಲ್ಲಿ ಸಹಾಯಕಿ ಕೆಲಸ ಸಿಕ್ತು. ಕೆಲಸ ಏನಪ್ಪಾ ಅಂದ್ರೆ ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್‌ಲ್ಯಾಂಡ್‌ನ ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿ ತೆಗೆದು ಬೋರ್ಡಲ್ಲಿ, ಅಂದ್ರೆ ನಿರ್ದೇಶಕ ಮಂಡಳೀಲಿ ಯಾರಿದಾರೆ, ಯಾರ ಪರವಾಗಿ ಇದಾರೆ ಅಂತ ಒಂದೊಂದೇ ಸಾಲು ಎಕ್ಸೆಲ್‌ಗೆ ಹಾಕೋದು. ಆರು ವರ್ಷ ಇದನ್ನೇ ಮಾಡಿದೀನಲ್ಲ, ಇದೇನು ಮಹಾ ಅಂತ ಅಂದ್ಕೊಂಡೆ.

ಎರಡು ತಿಂಗಳು ಕೂತು ಸ್ವೀಡನ್ ಫೈಲ್ ಮುಗಿಸಿ ಗೈಡ್‌ಗೆ ಕಳಿಸಿದೆ. ಅವರು ನೋಡಿ ನಕ್ಕುಬಿಟ್ರು. ನನ್ನ ಲೆಕ್ಕದ ಪ್ರಕಾರ ಸ್ವೀಡನ್ನಿನ ದೊಡ್ಡ ದೊಡ್ಡ ಕಂಪನಿಗಳು ಸಾಲುಸಾಲಾಗಿ ಬೋರ್ಡ್ ಹೇಗಿರಬೇಕು ಅನ್ನೋ ಅವರದ್ದೇ ನಿಯಮಾವಳಿ, ಗವರ್ನೆನ್ಸ್ ಕೋಡ್, ಮುರೀತಿದ್ವು! ಹಂಗಿರೋಕೆ ಸಾಧ್ಯನೇ ಇಲ್ಲ, ನೀನು ಯಾವ ದೇಶದ ಕನ್ನಡಕ ಹಾಕ್ಕೊಂಡು ಎಣಿಸಿದೀಯ ಅಂದ್ರು. ಅದು ಮಾತಿಗೆ ಹೇಳಿದ್ದು, ಆದ್ರೆ ನಿಜ ಅದೇ ಆಗಿತ್ತು.

ಮೊದಲ ತಪ್ಪು ಕಾರ್ಮಿಕರ ಪ್ರತಿನಿಧಿಗಳದ್ದು. ಸ್ವೀಡನ್ನಲ್ಲಿ 25 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರೋ ಕಂಪನೀಲಿ ಯೂನಿಯನ್‌ಗಳಿಗೆ ಬೋರ್ಡಲ್ಲಿ ಎರಡು ಸೀಟು ಕೇಳೋ ಹಕ್ಕಿದೆ, ಕನಿಷ್ಠ ಸಾವಿರ ಜನ ಇದ್ದು ಕಂಪನಿ ಬೇರೆ ಬೇರೆ ಉದ್ಯಮಗಳಲ್ಲಿದ್ರೆ ಮೂರು, ಅಷ್ಟೇ ಸಂಖ್ಯೆಯ ಬದಲಿ ಸದಸ್ಯರು ಬೇರೆ. ವಾರ್ಷಿಕ ವರದೀಲಿ ಎಲ್ಲರ ಫೋಟೋನೂ ಒಂದೇ ಪುಟದಲ್ಲಿ ಸಾಲಾಗಿ ಇರುತ್ತೆ, ಚೇರ್ಮನ್ ಪಕ್ಕದಲ್ಲೇ ಫ್ಯಾಕ್ಟರಿಯ ವೆಲ್ಡರ್, ನನಗೆ ಅದು ತಲೆಗೇ ಹೋಗ್ಲಿಲ್ಲ. ಅವರನ್ನೂ ಡೈರೆಕ್ಟರ್ ಅಂತ ಎಣಿಸಿ, ಕಂಪನೀಲಿ ಸಂಬಳ ತಗೊಳ್ತಾರಲ್ಲ ಹಾಗಾದ್ರೆ ಇಂಡಿಪೆಂಡೆಂಟ್ ಅಲ್ಲ ಅಂತ ಸೊನ್ನೆ ಹಾಕ್ತಾ ಹೋದೆ. ಕೋಡ್ ಲೆಕ್ಕ ಹಾಕೋದು ಷೇರುದಾರರ ಸಭೆ ಆರಿಸಿದ ಸದಸ್ಯರನ್ನ ಮಾತ್ರ, ಯೂನಿಯನ್ ಕಳಿಸಿದವರು ಆ ಲೆಕ್ಕಕ್ಕೇ ಬರಲ್ಲ. ನಾನು ಅಂಶ ಹಾಗೇ ಬಿಟ್ಟು ಛೇದ ಹೆಚ್ಚಿಸಿದ್ದೆ, ಹೈಸ್ಕೂಲ್ ಭಿನ್ನರಾಶಿ!

ಎರಡನೇ ತಪ್ಪು ಇನ್ನೂ ಆಳದ್ದು. ನಮ್ಮಲ್ಲಿ ಇಂಡಿಪೆಂಡೆಂಟ್ ಅಂದ್ರೆ ಕಂಪನಿ ಕಟ್ಟಿ ಹಿಡಿತ ಇಟ್ಕೊಂಡಿರೋ ಪ್ರಮೋಟರ್‌ಗೂ ಸಂಬಂಧ ಇರಬಾರ್ದು, ಕಂಪನಿಗೂ ಇರಬಾರ್ದು, ಎರಡೂ ಸೇರಿ ಒಂದೇ ಪದ. ಸ್ವೀಡನ್ ಕೋಡಲ್ಲಿ ಅದು ಎರಡು ಬೇರೆ ಬೇರೆ ಪ್ರಶ್ನೆ, ಬೋರ್ಡಿನ ಬಹುಮತ ಕಂಪನಿ ಮತ್ತು ಮ್ಯಾನೇಜ್‌ಮೆಂಟ್‌ನಿಂದ ಸ್ವತಂತ್ರ ಇರಬೇಕು, ಅವರಲ್ಲಿ ಕನಿಷ್ಠ ಇಬ್ಬರು ಮಾತ್ರ ದೊಡ್ಡ ಷೇರುದಾರರಿಂದಲೂ ಸ್ವತಂತ್ರ ಇದ್ರೆ ಸಾಕು, ದೊಡ್ಡ ಷೇರುದಾರ ಅಂದ್ರೆ 10% ಅಥವಾ ಅದಕ್ಕಿಂತ ಜಾಸ್ತಿ ಇರೋರು. ಅಂದ್ರೆ ವಾಲೆನ್‌ಬರಿ ಅನ್ನೋ ಶ್ರೀಮಂತ ಮನೆತನದ ‘ಇನ್ವೆಸ್ಟರ್’ ಅನ್ನೋ ಹೂಡಿಕೆ ಕಂಪನಿ ಕಡೆಯೋರು ಬೋರ್ಡಲ್ಲಿ ಕೂತಿದ್ರೆ ಅದು ದೋಷ ಅಲ್ಲ, ಅದೇ ಸರಿ ಅನ್ನೋದು ಇವರ ನಂಬಿಕೆ, ದುಡ್ಡು ಹಾಕಿದೋನು ಎದುರಿಗೆ ಬಂದು ಕೂತ್ಕೋಬೇಕು, ಹಿಂದಿಂದ ದಾರ ಎಳೀಬಾರ್ದು. ನಾನು ಎಕ್ಸೆಲಲ್ಲಿ ಒಂದೇ ಕಾಲಂ ಇಟ್ಟಿದ್ದೆ. ಅದನ್ನ ಎರಡು ಮಾಡೋಕೆ ಮತ್ತೆ ಮೊದಲಿಂದ ಅಷ್ಟೂ ಪಿಡಿಎಫ್ ತೆರೀಬೇಕಾಯ್ತು, ಅದು ನವೆಂಬರ್, ಮಧ್ಯಾಹ್ನ ನಾಲ್ಕಕ್ಕೆ ಕತ್ತಲು, ಮನೆಗೆ ಫೋನ್ ಮಾಡಿ ಅಮ್ಮನ ಹತ್ರ ಅತ್ತಿದ್ದೂ ಇದೆ.

ಈ ರಿಪೇರಿ ಮಾಡ್ವಾಗ್ಲೇ ಮೂರನೇ ತಪ್ಪು ಸಿಕ್ಕಿದ್ದು, ಇಡೀ ಕೆಲಸದಲ್ಲಿ ನಾನು ನಿಜವಾಗ್ಲೂ ಏನಾದ್ರೂ ಕಲಿತಿದ್ರೆ ಅದು ಇಲ್ಲೇ. ಸ್ವೀಡಿಷಲ್ಲಿ ವಾಲ್‌ಬೆರೆಡ್ನಿಂಗ್ ಅಂತ ಒಂದಿದೆ, ನಾಮಿನೇಷನ್ ಕಮಿಟಿ. ನಮ್ಮಲ್ಲಿ 2013ರ ಕಂಪನಿ ಕಾಯ್ದೆಯ 178ನೇ ಸೆಕ್ಷನ್ ಪ್ರಕಾರ ನಾಮಿನೇಷನ್ ಕಮಿಟಿ ಬೋರ್ಡಿನದೇ ಉಪಸಮಿತಿ, ಡೈರೆಕ್ಟರ್‌ಗಳೇ ಕೂತು ಮುಂದಿನ ಡೈರೆಕ್ಟರ್ ಯಾರು ಅಂತ ಹೇಳ್ತಾರೆ. ನಾನು ಹಾಗೇ ಅಂದ್ಕೊಂಡು ಕಮಿಟಿ ಸದಸ್ಯರ ಹೆಸರನ್ನ ಡೈರೆಕ್ಟರ್ ಹೆಸರಿನ ಜೊತೆ ಮ್ಯಾಚ್ ಮಾಡೋ ಫಾರ್ಮುಲಾ ಹಾಕಿದ್ದೆ, ಸಾಲುಸಾಲು ಎರರ್ ಬರ್ತಿತ್ತು, ಸ್ಪೆಲಿಂಗ್ ಸಮಸ್ಯೆ ಇರ್ಬೇಕು ಅಂತ ಒಂದು ವಾರ ಸ್ಪೆಲಿಂಗ್ ತಿದ್ದಿದೀನಿ. ಸಮಸ್ಯೆ ಸ್ಪೆಲಿಂಗ್‌ದಲ್ಲ, ಅವರು ಡೈರೆಕ್ಟರ್‌ಗಳೇ ಅಲ್ಲ! ಷೇರುದಾರರು. ಸಾಮಾನ್ಯವಾಗಿ ಆಗಸ್ಟ್ ಅಥವಾ ಸೆಪ್ಟೆಂಬರ್ ಕೊನೇ ದಿನ ಷೇರು ಪುಸ್ತಕ ನೋಡಿ ವೋಟಿನ ಲೆಕ್ಕದಲ್ಲಿ ಮೊದಲ ಮೂರೋ ನಾಲ್ಕೋ ಮಾಲೀಕರನ್ನ ಕರೀತಾರೆ, ಒಬ್ಬೊಬ್ಬರು ಒಂದೊಂದು ಜನ ಕಳಿಸ್ತಾರೆ, ಒಬ್ಬರು ಬೇಡ ಅಂದ್ರೆ ಮುಂದಿನೋರು. ಅಲ್ಲಿ ಬೋರ್ಡ್ ಸದಸ್ಯರು ಬಹುಮತ ಆಗೋ ಹಂಗಿಲ್ಲ, ಸಿಇಒ ಇರೋ ಹಂಗೇ ಇಲ್ಲ, ಬೋರ್ಡ್ ಚೇರ್ಮನ್ ಇರಬಹುದು ಆದ್ರೆ ಅಧ್ಯಕ್ಷತೆ ಅವರಿಗಿಲ್ಲ. ವಾರ್ಷಿಕ ಸಭೆಗೆ ಆರು ತಿಂಗಳು ಮುಂಚೆನೇ ಈ ಹೆಸರುಗಳನ್ನ ಪ್ರಕಟ ಮಾಡ್ಬೇಕು.

ನಮ್ಮ ಕಡೆ ಮದುವೆ ಮಾತುಕತೆಗೆ ಮೊದಲು ಹಿರಿಯರು ಯಾರ್ಯಾರು ಬರ್ತಾರೆ ಅಂತ ಹೇಳಿಕಳಿಸ್ತಾರಲ್ಲ, ಅದೇ ತರ. ಯಾರು ಬಂದಿದಾರೆ ಅನ್ನೋದ್ರಲ್ಲೇ ಅರ್ಧ ಕಥೆ ಗೊತ್ತಾಗುತ್ತೆ. ಆಮೇಲಿಂದ ನಾನು ಯಾವುದೇ ಸ್ವೀಡಿಷ್ ಕಂಪನಿ ಫೈಲ್ ತೆಗೆದ್ರೂ ಮೊದಲು ಬೋರ್ಡ್ ಪುಟಕ್ಕೆ ಹೋಗಲ್ಲ, ಈ ಕಮಿಟಿಯ ಹೆಸರುಗಳಿರೋ, ಶರತ್ಕಾಲದ ಆ ಒಂದು ಪ್ಯಾರಾದ ಪ್ರೆಸ್ ರಿಲೀಸ್ ಹುಡುಕ್ತೀನಿ.

ವೋಟಿನ ಲೆಕ್ಕ ಅಂದ್ನಲ್ಲ, ಅದೂ ಒಂದು ಕಥೆ. ಇಲ್ಲಿ ಎ ಷೇರು, ಬಿ ಷೇರು ಅಂತ ಎರಡು ತರ, ಎಗೆ ವೋಟು ಜಾಸ್ತಿ, ಬಿಗೆ ಕಮ್ಮಿ, ಹೊಸದಾಗಿ ಕೊಡೋ ಷೇರುಗಳಲ್ಲಿ ವೋಟಿನ ವ್ಯತ್ಯಾಸ ಹತ್ತು ಪಟ್ಟು ಮೀರೋ ಹಂಗಿಲ್ಲ, ಆದ್ರೆ ಹಳೇವು ಇದ್ವು, ಎರಿಕ್‌ಸನ್‌ದು 2004ರವರೆಗೂ ಸಾವಿರಕ್ಕೆ ಒಂದು ಇತ್ತು. ಕಾಗದದ ಮೇಲೆ ಓದಿದ್ರೆ ತಲೆಗೆ ಹತ್ತಲ್ಲ ಅಂತ ನಾನೊಂದು ವೋಲ್ವೋ ಬಿ ಷೇರು ತಗೊಂಡೆ. ಒಂದೇ ಒಂದು. ಬಿಎಂಟಿಸಿ ವೋಲ್ವೋದಲ್ಲಿ ನಿಂತ್ಕೊಂಡು ಎಷ್ಟು ವರ್ಷ ಆಫೀಸಿಗೆ ಹೋಗಿದೀನಿ, ಅದರ ಮಾಲೀಕಳಾದೆ ಅಂತ ಅಣ್ಣಂಗೆ ಮೆಸೇಜೂ ಹಾಕ್ದೆ. ವಾರ್ಷಿಕ ಸಭೆಗೆ ಮೊದಲೇ ಹೆಸರು ಕೊಟ್ಟು ಟ್ರಾಮ್ ಹತ್ತಿ ಹೋದೆ. ಬಾಗಿಲಲ್ಲಿ ಕೊಟ್ಟ ವೋಟಿಂಗ್ ಚೀಟಿ ಮೇಲೆ ಷೇರು 1, ವೋಟು 0,1 ಅಂತ ಪ್ರಿಂಟ್ ಆಗಿತ್ತು. ಇವರು ದಶಾಂಶಕ್ಕೆ ಕಾಮಾ ಹಾಕ್ತಾರೆ, ಆ ಕಾಮಾದಿಂದ ಎಕ್ಸೆಲ್ ಇಂಪೋರ್ಟಲ್ಲಿ ಪಟ್ಟ ಪಾಡು ಬೇರೆ, ಒಂದ್ಸಲ 15,6 ಅನ್ನೋದು 156 ಆಗಿ ಗೀಲಿ ಕಂಪನಿ ಹತ್ರ ವೋಲ್ವೋದ ನೂರೈವತ್ತಾರು ಪರ್ಸೆಂಟ್ ವೋಟು ಇತ್ತು ನನ್ನ ಫೈಲಲ್ಲಿ (ನಿಜವಾದದ್ದು, 2017ರ ಡಿಸೆಂಬರಲ್ಲಿ ಚೀನಾದ ಗೀಲಿ ಸುಮಾರು 8.2% ಬಂಡವಾಳಕ್ಕೆ 15.6% ವೋಟು ತಗೊಳ್ಳೋ ಒಪ್ಪಂದ ಮಾಡ್ಕೊಂಡಿದ್ದು).

ಸಭೇಲಿ ಬೋರ್ ಆಗುತ್ತೆ ಅಂದ್ಕೊಂಡಿದ್ದೆ, ಆಗ್ಲಿಲ್ಲ. ಸಣ್ಣ ಷೇರುದಾರರ ಸಂಘ ಆಕ್ಟಿಯೆಸ್ಪಾರಾರ್ನಾ, 1966ರಿಂದ ಇರೋದು, ಅವರ ಪ್ರತಿನಿಧಿ ಎದ್ದು ನಿಂತು ಒಂದಾದ್ಮೇಲೊಂದು ಪ್ರಶ್ನೆ ಕೇಳ್ತಿದ್ರು, ಜಗಳ ಇಲ್ಲ, ಘೋಷಣೆ ಇಲ್ಲ, ನಮ್ಮ ಕಡೆ ವಾರ್ಷಿಕ ಸಭೆಗಳಲ್ಲಿ ಸ್ವೀಟ್ ಬಾಕ್ಸ್ ಸಾಲ್ದು ಅಂತ ಆಗೋ ಗಲಾಟೆ ನೆನಪಾಗಿ ನಗು ಬಂತು. ಆಮೇಲೆ ವಾಲ್‌ಬೆರೆಡ್ನಿಂಗ್ ಅಧ್ಯಕ್ಷರು ವೇದಿಕೆಗೆ ಬಂದು ಇಂಥವರನ್ನ ಯಾಕೆ ಸೂಚಿಸ್ತಿದೀವಿ, ಇಂಥವರು ಯಾಕೆ ಬಿಡ್ತಿದಾರೆ ಅಂತ ವಿವರಣೆ ಕೊಟ್ರು. ಇದೇ ಊರಲ್ಲಿ 1993ರ ಡಿಸೆಂಬರಲ್ಲಿ ವೋಲ್ವೋ ಮತ್ತು ಫ್ರಾನ್ಸಿನ ರೆನೋ ವಿಲೀನ ಮುರಿದು ಬಿದ್ದಿದ್ದು ಷೇರುದಾರರೂ ಕಂಪನಿಯ ಹಿರಿಯ ಮ್ಯಾನೇಜರ್‌ಗಳೂ ತಿರುಗಿ ಬಿದ್ದಿದ್ರಿಂದ, ಎರಡು ದಶಕ ಕಂಪನಿ ಆಳಿದ ಪೇರ್ ಯಿಲೆನ್‌ಹಮ್ಮರ್ ರಾಜೀನಾಮೆ ಕೊಟ್ಟು ಹೋದ್ರು. ಆ ನೆನಪು ಇಲ್ಲಿನ ವಯಸ್ಸಾದ ಷೇರುದಾರರಿಗೆ ಇನ್ನೂ ಇದೆ, ನನ್ನ ಪಕ್ಕ ಕೂತಿದ್ದ ಅಜ್ಜ ಕಾಫಿ ಕುಡೀತಾ ಅದನ್ನೇ ಹೇಳಿದ್ದು.

ಸಭೆಯ ಅಜೆಂಡಾದಲ್ಲಿ ನಮ್ಮಲ್ಲಿಲ್ಲದ ಇನ್ನೊಂದು ಐಟಂ ಇದೆ, ಆನ್‌ಸ್ವಾರ್ಸ್‌ಫ್ರಿಹೇಟ್, ಕಳೆದ ವರ್ಷದ ಕೆಲಸಕ್ಕೆ ಬೋರ್ಡ್ ಮತ್ತು ಸಿಇಒ ಮೇಲೆ ನಾವು ಕೇಸ್ ಹಾಕಲ್ಲ ಅಂತ ಷೇರುದಾರರು ಕೊಡೋ ಬಿಡುಗಡೆ. ಹತ್ತು ಪರ್ಸೆಂಟ್ ಷೇರಿನವರು ಬೇಡ ಅಂದ್ರೂ ಕೇಸ್ ಹಾಕೋ ಬಾಗಿಲು ತೆರೆದೇ ಇರುತ್ತೆ. ಸುಮಾರು ಎಲ್ಲಾ ಕಡೆ ಹೌದು ಹೌದು ಅಂತ ಒಂದು ನಿಮಿಷದಲ್ಲಿ ಮುಗಿಯೋದ್ರಿಂದ ನಾನು ಈ ಕಾಲಂ ಬೇಡ, ಬರೀ ಒಂದು ಒಂದು ಒಂದು ಅಂತಿದೆ ಅಂತ ತೆಗೆದು ಹಾಕಿದ್ದೆ. ಆಗ ಗೈಡ್ ಸ್ವೆಡ್‌ಬ್ಯಾಂಕ್ 2019 ನೋಡು ಅಂದ್ರು.

ಅದನ್ನ ಕ್ರಮವಾಗಿ ಜೋಡಿಸ್ಕೊಂಡು ಓದಿದ ಮೇಲೇನೇ ಗವರ್ನೆನ್ಸ್ ಮತ್ತು ರೆಗ್ಯುಲೇಷನ್ ಎರಡು ಬೇರೆ ಸಬ್ಜೆಕ್ಟ್ ಅನ್ನೋ ಭ್ರಮೆ ನನಗೆ ಹೋಗಿದ್ದು. 2019ರ ಫೆಬ್ರವರೀಲಿ ಸ್ವೀಡಿಷ್ ಟೀವಿಯಲ್ಲಿ ಈ ಬ್ಯಾಂಕಿನ ಬಾಲ್ಟಿಕ್ (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ) ವ್ಯವಹಾರದ ಮನಿ ಲಾಂಡರಿಂಗ್ ಅನುಮಾನದ ಕಾರ್ಯಕ್ರಮ ಬಂತು. ಮಾರ್ಚ್ 28ಕ್ಕೆ ವಾರ್ಷಿಕ ಸಭೆ, ಅದು ಶುರುವಾಗೋಕೆ ಸ್ವಲ್ಪ ಹೊತ್ತು ಮುಂಚೆ ಬೋರ್ಡ್ ಸಿಇಒನ ತೆಗೀತು, ಸಭೇಲಿ ಷೇರುದಾರರು ಅವರಿಗೆ ಬಿಡುಗಡೆ ಕೊಡ್ಲಿಲ್ಲ. ಏಪ್ರಿಲಲ್ಲಿ ಚೇರ್ಮನ್ ಬಿಟ್ರು. ಜೂನಲ್ಲಿ ವಿಶೇಷ ಸಭೆ ಕರೆದು ಹಳೇ ಪ್ರಧಾನಿ ಯೋರನ್ ಪೇರ್ಶನ್ ಅವರನ್ನ ಚೇರ್ಮನ್ ಮಾಡಿದ್ರು. ಹಣಕಾಸು ನಿಯಂತ್ರಕ ಫಿನಾನ್ಸ್‌ಇನ್ಸ್‌ಪೆಕ್‌ಶೂನೆನ್ ತನ್ನ ತೀರ್ಮಾನ ಕೊಟ್ಟಿದ್ದು 2020ರ ಮಾರ್ಚಲ್ಲಿ, ಎಚ್ಚರಿಕೆ ಮತ್ತು 400 ಕೋಟಿ ಕ್ರೋನ ದಂಡ. ಅಂದ್ರೆ ರೆಗ್ಯುಲೇಟರ್ ಶಿಕ್ಷೆ ಕೊಡೋ ಹೊತ್ತಿಗೆ ಮಾಲೀಕರು ಮನೆ ಗುಡಿಸಿ ಹತ್ತತ್ರ ಒಂದು ವರ್ಷ ಆಗಿತ್ತು. ಇದನ್ನ ಓದಿ ವ್ಯವಸ್ಥೆ ಚೆನ್ನಾಗಿದೆ ಅಂತ ಬರೆಯೋಕೆ ಹೊರಟಿದ್ದೆ, ಆದ್ರೆ ಅದೇ ಮಾಲೀಕರು ಅದೇ ವಾಲ್‌ಬೆರೆಡ್ನಿಂಗ್ ಪದ್ಧತೀಲೇ ಹಿಂದಿನ ಬೋರ್ಡನ್ನೂ ಆರಿಸಿದ್ದು ಅಲ್ವಾ, ಹಾಗಾಗಿ ಆ ವಾಕ್ಯ ಹೊಡೆದು ಹಾಕ್ದೆ. ಡೆನ್ಮಾರ್ಕಿನ ಡಾನ್‌ಸ್ಕೆ ಬ್ಯಾಂಕ್‌ದಂತೂ, 2007ರಿಂದ 2015ರವರೆಗೆ ಎಸ್ಟೋನಿಯಾ ಬ್ರಾಂಚ್ ಮೂಲಕ ಸುಮಾರು 20,000 ಕೋಟಿ ಯೂರೋ ಹರಿದಿದೆ, ಅದರಲ್ಲಿ ದೊಡ್ಡ ಪಾಲು ಅನುಮಾನಾಸ್ಪದ, ಒಳಗಿನ ಉದ್ಯೋಗಿಯೊಬ್ಬರು 2013ರಲ್ಲೇ ಎಚ್ಚರಿಸಿದ್ರು, ಬೋರ್ಡ್ ಪಟ್ಟಿ ನೋಡಿದ್ರೆ ಸ್ವತಂತ್ರ ಸದಸ್ಯರಿಗೇನೂ ಕಮ್ಮಿ ಇರ್ಲಿಲ್ಲ.

ಭಾಷೆ ಬಗ್ಗೆ ಒಂದೆರಡು ಮಾತು ಹೇಳ್ಲೇಬೇಕು, ಇದನ್ನ ಮಾಡೋರಿಗೆ ಉಪಯೋಗ ಆಗ್ಬಹುದು. ಸ್ವೀಡಿಷ್ ಬಂದ್ರೆ ಡೇನಿಷ್, ನಾರ್ವೇಜಿಯನ್ ಓದಬಹುದು ಅಂತಾರೆ, ಓದಬಹುದು, ಆದ್ರೆ ಸ್ವೀಡಿಷಲ್ಲಿ ಸ್ಟೀರೆಲ್ಸೆ ಅಂದ್ರೆ ಬೋರ್ಡು, ಡೇನಿಷಲ್ಲಿ ಅದೇ ಅಕ್ಷರದ ಪದ ಸರ್ಕಾರಿ ಇಲಾಖೆ, ಬೋರ್ಡಿಗೆ ಅಲ್ಲಿ ಬೇರೆ ಪದ. ಪದ ಹುಡುಕೋಕೆ ನಾನು ಬರೆದ ಮೊದಲ ಪ್ರೋಗ್ರಾಂ ಡೆನ್ಮಾರ್ಕಿನ ವರದಿಗಳಲ್ಲಿ ಬೋರ್ಡ್ ಅಂತ ಎತ್ತಿಕೊಟ್ಟಿದ್ದೆಲ್ಲಾ ಇಲಾಖೆ ಹೆಸರುಗಳು. ಫಿನ್ನಿಷ್ ಇನ್ನೂ ಮಜಾ, ಹಲ್ಲಿಟುಸ್ ಅಂದ್ರೆ ಬೋರ್ಡೂ ಹೌದು, ದೇಶದ ಸರ್ಕಾರಾನೂ ಹೌದು, ಮಷೀನ್ ಅನುವಾದದಲ್ಲಿ ಒಂದು ಪೇಪರ್ ಮಿಲ್ ಕಂಪನಿಯ ಸರ್ಕಾರ ರಾಜೀನಾಮೆ ಕೊಟ್ಟಿತ್ತು. ಹೆಸರು ಹೊಂದಿಸೋದು ಇನ್ನೊಂದು ತಲೆನೋವು, ನಮ್ಮಲ್ಲಿ ಮಂಜುನಾಥ ಇದ್ದಂಗೆ ಇಲ್ಲಿ ಆಂಡರ್ಸನ್, ಯೂಹಾನ್ಸನ್. ಕೈಹಿಡಿದಿದ್ದು ಹುಟ್ಟಿದ ವರ್ಷ, ಸ್ವೀಡಿಷ್ ಕೋಡ್ ಪ್ರಕಾರ ಪ್ರತಿ ಡೈರೆಕ್ಟರ್‌ನ ಹುಟ್ಟಿದ ವರ್ಷ, ಓದು, ಷೇರು ಎಷ್ಟಿದೆ ಅಂತ ಕಂಪನಿ ಪ್ರಕಟ ಮಾಡ್ಲೇಬೇಕು, ಹೆಸರು ಜೊತೆ ವರ್ಷ ಸೇರಿಸಿ ಒಂದು ಗುರುತು ಮಾಡ್ಕೊಂಡ್ರೆ ಮುಕ್ಕಾಲು ಗೊಂದಲ ಮುಗೀತು.

ನಾರ್ವೆ ಫೈಲಲ್ಲಿ ಹುಷಾರಾಗಿದ್ದೆ. ಅಲ್ಲಿ ಪಬ್ಲಿಕ್ ಕಂಪನಿ ಬೋರ್ಡುಗಳಲ್ಲಿ ಸುಮಾರು 40% ಮಹಿಳೆಯರಿರಬೇಕು ಅನ್ನೋ ಕಾನೂನು 2008ರಿಂದ ಎಲ್ಲರಿಗೂ ಕಡ್ಡಾಯ, ಆದ್ರೆ ಷೇರುದಾರರು ಆರಿಸಿದವರಲ್ಲಿ ಬೇರೆ, ಕಾರ್ಮಿಕರು ಆರಿಸಿದವರಲ್ಲಿ ಬೇರೆ ಎಣಿಸಬೇಕು. ಸ್ವೀಡನ್ನಲ್ಲಿ ಕೈ ಸುಟ್ಕೊಂಡಿದ್ದಕ್ಕೆ ಇಲ್ಲಿ ಮೊದಲ ದಿನವೇ ಎರಡು ಕಾಲಂ. ಆ ಕಾನೂನಿನಿಂದ ಕಂಪನಿಗಳ ಬೆಲೆ ಬಿತ್ತು ಅಂತ 2012ರಲ್ಲಿ ಒಂದು ಹೆಸರಾಂತ ಪೇಪರ್ ಬಂತು, ಅದೇ ಪ್ರಶ್ನೆನ ಬೇರೆಯವರು ಮತ್ತೆ ಲೆಕ್ಕ ಹಾಕಿ ಹಾಗೇನಿಲ್ಲ ಅಂದ್ರು, ಜಗಳದ ತಿರುಳು ನೋಡಿದ್ರೆ ಷೇರು ಪೇಟೆಗೆ ಸುದ್ದಿ ಯಾವತ್ತು ಗೊತ್ತಾಯ್ತು, ಲೆಕ್ಕ ಯಾವ ರೀತಿ ಹಾಕಬೇಕು, ಇಂಥವೇ.

ಕೊನೇದು ಡೆನ್ಮಾರ್ಕ್, ಅದು ಇನ್ನೂ ಮುಗಿದಿಲ್ಲ. ಔಷಧ ಕಂಪನಿ ನೋವೋ ನಾರ್ಡಿಸ್ಕ್ ತಗೊಳ್ಳಿ, ಸುಮಾರು 28% ಬಂಡವಾಳ ಇಟ್ಕೊಂಡು ಸುಮಾರು 77% ವೋಟು ನೋವೋ ಹೋಲ್ಡಿಂಗ್ಸ್ ಕೈಲಿ, ಅದರ ಹಿಂದೆ ಒಂದು ಫೌಂಡೇಶನ್, ಆ ಫೌಂಡೇಶನ್ ಹಿಂದೆ ಯಾರೂ ಇಲ್ಲ, ಅದಕ್ಕೆ ಮಾಲೀಕರೇ ಇಲ್ಲ. ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್‌ದೂ ಹಾಗೇ, 1876ರ ಫೌಂಡೇಶನ್. ಊರಲ್ಲಿ ನಮ್ಮ ಹೊಲದ ಪಕ್ಕದ ಪಹಣೀಲಿ ಮಾಲೀಕರ ಕಾಲಂನಲ್ಲಿ ದೇವರ ಹೆಸರಿದೆ, ಹಾಗಾಗಿ ನನಗೇನೂ ಆಶ್ಚರ್ಯ ಆಗ್ಲಿಲ್ಲ, ಆದ್ರೆ ಸಾಫ್ಟ್‌ವೇರ್‌ಗೆ ದೇವರು ಗೊತ್ತಿಲ್ಲ. ಅಂತಿಮ ಮಾಲೀಕ ಕಾಲಂ ಖಾಲಿ ಬಿಟ್ರೆ ಮಾಹಿತಿ ಇಲ್ಲ ಅಂದ್ಕೊಂಡು ಸಾಲನ್ನೇ ಕೈಬಿಡುತ್ತೆ, ಡೆನ್ಮಾರ್ಕಿನ ದೊಡ್ಡ ದೊಡ್ಡ ಕಂಪನಿಗಳೇ ಲೆಕ್ಕದಿಂದ ಹೊರಗೆ. ಸದ್ಯಕ್ಕೆ 999 ಅಂತ ಕೋಡ್ ಕೊಟ್ಟಿದೀನಿ, ಗೈಡ್ ಅದನ್ನ ಒಪ್ಪಿಲ್ಲ, ಸೋಮವಾರ ಮತ್ತೆ ಕೂತ್ಕೊಳ್ತಿದೀವಿ.