ಜ್ವರ ಮೊದಲೋ, ಗುಳ್ಳೆ ಮೊದಲೋ?

ಕೂಸಿನ ಮೈಮೇಲೆ ಗುಳ್ಳೆ ಕಂಡರೆ ನಮ್ಮ ಕಲಬುರಗಿ ಕಡೆ ಮೊದಲು ಬರುವ ಮಾತು, ‘ತಾಯಿ ಬಂದಾಳ’. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಒಗ್ಗರಣೆ ಹಾಕುವುದಿಲ್ಲ. ಆ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಕೂಸನ್ನು ಬೆಳಕಿಗೆ ತಂದು, ಅಂಗಿ ಬಿಚ್ಚಿ ನೋಡಿ. ಜ್ವರ ಯಾವಾಗ ಬಂತು, ಗುಳ್ಳೆ ಯಾವಾಗ ಎದ್ದಿತು, ಎಲ್ಲಿಂದ ಶುರುವಾಯಿತು ಅಂತ ಹೇಳಲು ಬಂದರೆ ಡಾಕ್ಟರಿಗೆ ದೊಡ್ಡ ಸಹಾಯ.

ನನಗೆ ಜಾಸ್ತಿ ಭಯ ದಡಾರದ್ದೇ. ಹಳ್ಳಿಗಳಲ್ಲಿ ಗೊಬ್ಬರ ಅಂತಾರೆ. ಮೊದಲು ಜೋರು ಜ್ವರ, ಕೆಮ್ಮು, ಸೋರುವ ಮೂಗು, ಕೆಂಪು ಕಣ್ಣು. ಬೆಳಕು ಕಂಡರೆ ಕೂಸು ಮುಖ ತಿರುಗಿಸುತ್ತದೆ. ಕೆನ್ನೆಯ ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಾಣಬಹುದು. ಮೂರು-ನಾಲ್ಕು ದಿನಕ್ಕೆ ಕಿವಿಯ ಹಿಂದೆ, ಹಣೆಯ ಕೂದಲಂಚಿನಲ್ಲಿ ಕೆಂಪು ಕಲೆ ಎದ್ದು ಮುಖದಿಂದ ಎದೆಗೆ, ಕಾಲಿಗೆ ಇಳಿಯುತ್ತದೆ. ಕಲೆ ಎದ್ದಾಗ ಜ್ವರ ಇನ್ನೂ ಏರಬಹುದು. ಇದು ನ್ಯುಮೋನಿಯಾಕ್ಕೆ ತಿರುಗೀತು, ಆದ್ದರಿಂದ ಡಾಕ್ಟರಿಗೆ ತೋರಿಸಲೇಬೇಕು. 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಲಸಿಕೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಹಾಕುತ್ತಾರೆ. ಎರಡನೆಯದನ್ನು ಬಹಳ ಮಂದಿ ಮರೆಯುತ್ತಾರೆ, ತಾಯಿ ಕಾರ್ಡ್ ತೆಗೆದು ಇವತ್ತೇ ನೋಡಿ.

ಚಿಕನ್‌ಪಾಕ್ಸ್ ಗುಳ್ಳೆಯಲ್ಲಿ ನೀರಿರುತ್ತದೆ, ತುರಿಕೆ ಬಹಳ. ಹೊಸ ಕೆಂಪು ಗುಳ್ಳೆ, ನೀರ್ಗುಳ್ಳೆ, ಒಣಗಿದ ಹಕ್ಕಳೆ ಒಂದೇ ಬೆನ್ನ ಮೇಲೆ ಕಾಣುತ್ತವೆ. ಎಲ್ಲ ಹಕ್ಕಳೆಗಟ್ಟುವವರೆಗೆ ಅಂಗನವಾಡಿಗೆ ಕಳಿಸಬೇಡಿ. ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಲ್ಲಿ ಗುಳ್ಳೆ ಇದ್ದರೆ ಅದು ಬೇರೆ ವೈರಸ್, ತಂಪು ಮಜ್ಜಿಗೆ, ಗಂಜಿ ಕೊಡಿ. ಮೂರು ದಿನ ಜ್ವರ ಕಾದು, ಜ್ವರ ಬಿಟ್ಟ ಮೇಲೆ ತಿಳಿ ಗುಲಾಬಿ ಕಲೆ ಎದ್ದು ಕೂಸು ಆಡುತ್ತಿದ್ದರೆ ಅಷ್ಟು ಗಾಬರಿ ಬೇಡ. ಜ್ವರವೇ ಇಲ್ಲದೆ ಬೇಸಿಗೆಯಲ್ಲಿ ಕುತ್ತಿಗೆ ತುಂಬ ಎದ್ದರೆ ಬಹುತೇಕ ಬೆವರುಸಾಲೆ.

ಕಲೆಯ ಮೇಲೆ ಗಾಜಿನ ಚಹಾ ಗ್ಲಾಸ್ ಒತ್ತಿ ನೋಡಿ. ಬಣ್ಣ ಮಾಸದಿದ್ದರೆ ಚರ್ಮದೊಳಗೆ ರಕ್ತ ಸೋರಿದೆ ಅಂತ. ನಡುರಾತ್ರಿಯಾದರೂ ದವಾಖಾನೆಗೆ ಹೊರಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ದಾಟಿದರೆ, ಮಗು ಏನೂ ಕುಡಿಯದಿದ್ದರೆ, ಉಚ್ಚೆ ಹೋಗದಿದ್ದರೆ, ಎದುಸಿರು ಬಿಟ್ಟರೆ, ಫಿಟ್ಸ್ ಬಂದರೆ ಆಗಲೂ ಕಾಯಬೇಡಿ.

ನಮ್ಮ ಬಿಸಿಲಲ್ಲಿ ಕಿಟಕಿ ಮುಚ್ಚಿ ಕಂಬಳಿ ಹೊದಿಸಬೇಡಿ, ತೆಳು ಹತ್ತಿ ಬಟ್ಟೆ ಸಾಕು. ಎದೆಹಾಲು ನಿಲ್ಲಿಸಬೇಡಿ. ಪ್ಯಾರಾಸಿಟಮಾಲ್ ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ ಕೊಡಿ, ಆಸ್ಪಿರಿನ್ ಕೊಡಲೇಬೇಡಿ. ಮನೆಯಲ್ಲಿ ಬಸುರಿ ಇದ್ದರೆ ಕೂಸಿನಿಂದ ದೂರ ಇಡಿ, ಈಗಾಗಲೇ ಎತ್ತಿ ಆಡಿಸಿದ್ದರೆ ಆಕೆಯನ್ನೂ ಡಾಕ್ಟರಿಗೆ ತೋರಿಸಿ.