ಅಘನಾಶಿನಿಗೆ ಎರಡು ದಿನ: ಮೊದಲು ಪಂಚಾಂಗ, ಆಮೇಲೆ ಟಿಕೆಟ್

ಶಿರಸಿ ಕಡೆಯಿಂದ ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಹರಿದುಬರುವ ಅಘನಾಶಿನಿ ಹೊಳೆ ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ಉತ್ತರದ ದಡದಲ್ಲಿ ತದಡಿ ಬಂದರು, ದಕ್ಷಿಣದಲ್ಲಿ ಹೊಳೆಯದೇ ಹೆಸರು ಹೊತ್ತ ಅಘನಾಶಿನಿ ಊರು. ಗೋಕರ್ಣದ ಗದ್ದಲ ತದಡಿಯವರೆಗೆ ಬಂದರೂ ಹೊಳೆ ದಾಟುವುದು ಕಡಿಮೆ. ಹೊಳೆ ಕಡಲು ಸೇರುವ ಈ ಅಳಿವೆ ಪ್ರದೇಶ, ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು 2024ರ ಜನವರಿಯಲ್ಲಿ ಪ್ರಕಟಿಸಿದರು.

ಇಲ್ಲಿ ನೋಡಬೇಕಾದದ್ದೆಲ್ಲ ನೀರಿನ ಏರಿಳಿತಕ್ಕೆ ಕಟ್ಟುಬಿದ್ದಿದೆ. ಬಳಚು ಎಂಬ ಚಿಪ್ಪುಮೀನು ಆರಿಸುವ ಕೆಸರು ದಿಬ್ಬ ಇಳಿತದಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ದೋಣಿ ನುಗ್ಗಬೇಕಾದರೆ ಭರತ, ಅಂದರೆ ಉಬ್ಬರ ಬೇಕು. ಬಾಡದಿಂದ ಕಿರುಬೇಲೆ ಕಡೆಗೆ ಬಂಡೆ ಸುತ್ತಿ ನಡೆಯುವ ದಾರಿ ಭರತದ ಹೊತ್ತಿಗೆ ಇರುವುದೇ ಇಲ್ಲ. ರಜೆ ಸಿಕ್ಕಿತೆಂದು ಟಿಕೆಟ್ ಮಾಡಿಸಿ, ಹೋದ ಮೇಲೆ ನೀರು ನೋಡುವವರಿಗೆ ಅರ್ಧ ಊರು ಕಾಣದೆ ಹೋಗುತ್ತದೆ. ಆದ್ದರಿಂದ ಮೊದಲು ಮನೆಯ ಪಂಚಾಂಗ ತೆಗೆಯಿರಿ.

ತಿಥಿಯಿಂದ ನೀರಿನ ಲೆಕ್ಕ

ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಹಗಲಿನ ಭರತ ಸುಮಾರು ಹನ್ನೊಂದರಿಂದ ಹನ್ನೆರಡರ ಆಸುಪಾಸು, ಇಳಿತ ಸಂಜೆ ಐದು–ಆರರ ಹೊತ್ತಿಗೆ. ದಿನ ಹೋದಂತೆ ಇದು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಷ್ಟು ಮುಂದಕ್ಕೆ ಸರಿಯುತ್ತದೆ. ಅಷ್ಟಮಿಯ ಹೊತ್ತಿಗೆ ತಲೆಕೆಳಗಾಗಿ, ಇಳಿತ ನಡುಹಗಲಿಗೂ ಭರತ ಸಂಜೆಗೂ ಬರುತ್ತದೆ. ಇನ್ನೊಂದು ವ್ಯತ್ಯಾಸವಿದೆ. ಅಮಾವಾಸ್ಯೆ–ಹುಣ್ಣಿಮೆಗಳಲ್ಲಿ ನೀರು ತುಂಬ ಏರಿ ತುಂಬ ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಚಿಕ್ಕದು, ದಿಬ್ಬಗಳು ಪೂರ್ತಿ ಬರಿದಾಗುವುದಿಲ್ಲ.

ಹಾಗಾಗಿ ಶನಿವಾರ–ಭಾನುವಾರ ತ್ರಯೋದಶಿಯಿಂದ ಹುಣ್ಣಿಮೆಯೊಳಗೆ, ಅಥವಾ ಅಮಾವಾಸ್ಯೆಗೆ ಮುಂಚಿನ ಅದೇ ತಿಥಿಗಳೊಳಗೆ ಬೀಳುವ ವಾರ ಎಲ್ಲಕ್ಕಿಂತ ಒಳ್ಳೆಯದು. ಬೆಳಿಗ್ಗೆ ಏರುವ ನೀರಿನಲ್ಲಿ ದೋಣಿ, ಮಧ್ಯಾಹ್ನದ ಮೇಲೆ ಇಳಿಯುವ ನೀರಿನಲ್ಲಿ ನಡಿಗೆ. ಬಿದಿಗೆ, ತದಿಗೆಯಾದರೆ ಸಂಜೆಯ ಇಳಿತ ಕತ್ತಲಾದ ಮೇಲೆ ಬರುವುದರಿಂದ, ನಡಿಗೆಯನ್ನು ಬೆಳಕು ಹರಿಯುವ ಹೊತ್ತಿನ ಇಳಿತಕ್ಕೆ ಇಟ್ಟುಕೊಳ್ಳಿ.

ಇದು ವಾರ ಆರಿಸಲು ಸಾಕಾಗುವ ಅಂದಾಜು. ಹೊರಡುವ ಮೊದಲು ಕಾರವಾರದ ಉಬ್ಬರವಿಳಿತದ ಕೋಷ್ಟಕ ನೋಡಿ ನಿಮಿಷಗಳನ್ನು ಬರೆದುಕೊಳ್ಳಿ. ಸಮಯದ ಪಕ್ಕದಲ್ಲಿ ಮೀಟರ್ ಲೆಕ್ಕದಲ್ಲಿ ಎತ್ತರವೂ ಇರುತ್ತದೆ, ಅದನ್ನು ಬಿಡಬೇಡಿ: ಒಂದೇ ದಿನದ ಎರಡು ಇಳಿತಗಳು ಸಮವಾಗಿರುವುದಿಲ್ಲ, ಒಂದರಲ್ಲಿ ದಿಬ್ಬ ಚೆನ್ನಾಗಿ ತೆರೆದರೆ ಇನ್ನೊಂದರಲ್ಲಿ ಪಾದ ಮುಳುಗುವಷ್ಟು ನೀರು ಉಳಿಯಬಹುದು. ಕೋಷ್ಟಕ ತೋರಿಸುವುದು ಕಡಲಂಚಿನ ಹೊತ್ತು. ಹೊಳೆಯಲ್ಲಿ ಮೇಲೆ ಮಿರ್ಜಾನ್ ಕಡೆಗೆ ಹೋದಷ್ಟೂ ಏರುವುದೂ ಇಳಿಯುವುದೂ ತಡ.

ಯಾವ ತಿಂಗಳು

ನವೆಂಬರ್‌ನಿಂದ ಫೆಬ್ರವರಿ ಹಿತ. ಮಾರ್ಚ್, ಏಪ್ರಿಲ್ ಸೆಕೆ ಜಾಸ್ತಿ, ಆದರೆ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ರಾಶಿಯಾಗುವುದೂ ಕುಮಟಾದ ಸಿಹಿ ಈರುಳ್ಳಿ ಹೆದ್ದಾರಿಯ ಪಕ್ಕ ತೂಗುವುದೂ ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೀನು ವಿರಳ, ತುಟ್ಟಿ. ಮಳೆಗಾಲದಲ್ಲಿ ಕಡಲು ಒರಟು, ಘಟ್ಟಗಳಲ್ಲಿ ಕುಸಿತದ ಭಯ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ, ಹೆದ್ದಾರಿ 66 ಬಂದಾದದ್ದನ್ನು ಮರೆಯಬಾರದು. ಗೋಕರ್ಣದಲ್ಲಿ ಶಿವರಾತ್ರಿ ಇರುವ ವಾರ ಬಸ್ಸು, ಕೋಣೆ ಎರಡೂ ಸಿಗುವುದು ಕಷ್ಟ. ತೇರು ನೋಡುವ ಉದ್ದೇಶವಿಲ್ಲದಿದ್ದರೆ ಬೇರೆ ವಾರ ಆರಿಸಿ.

ಹೋಗುವುದು, ಬರುವುದು

ಬೆಂಗಳೂರಿನಿಂದ ಹೋಗುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಶುಕ್ರವಾರ ಸಂಜೆ ಹತ್ತಿದರೆ ಶನಿವಾರ ಬೆಳಿಗ್ಗೆ ಕುಮಟಾ. ಭಾನುವಾರ ಸಂಜೆ ಅದೇ ಗಾಡಿ ಕಾರವಾರದಿಂದ ಹೊರಟು ಸೋಮವಾರ ಬೆಳಿಗ್ಗೆ ಬೆಂಗಳೂರು. ಮುಂಗಡ ಬುಕಿಂಗ್ ಪ್ರಯಾಣಕ್ಕೆ 60 ದಿನ ಮೊದಲು ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಶುಕ್ರವಾರದ ಟಿಕೆಟ್ ಒಂದು ದಿನ, ಭಾನುವಾರದ್ದು ಅದಾದ ಎರಡು ದಿನಕ್ಕೆ. ಹಲವರು ಮೊದಲನೆಯದನ್ನು ಮಾಡಿಸಿ ಎರಡನೆಯದನ್ನು ಆಮೇಲೆ ನೋಡೋಣ ಎಂದು ಬಿಟ್ಟು ವೇಟಿಂಗ್ ಲಿಸ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಎರಡೂ ದಿನಕ್ಕೆ ಅಲಾರಂ ಇಡಿ. ತತ್ಕಾಲ್ ಹಿಂದಿನ ದಿನ ಎಸಿಗೆ ಹತ್ತಕ್ಕೆ, ಸ್ಲೀಪರ್‌ಗೆ ಹನ್ನೊಂದಕ್ಕೆ; ಆನ್‌ಲೈನಿನಲ್ಲಿ ಮಾಡಿಸಲು ಖಾತೆಗೆ ಆಧಾರ್ ಜೋಡಣೆ ಮೊದಲೇ ಆಗಿರಬೇಕು. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿ ಬೇರೆ ಇದೆ. ಜೂನ್‌ನಿಂದ ಅಕ್ಟೋಬರ್ ನಡುವೆ ಹೋಗುವವರು ಹಳೆಯ ಸಮಯ ನಂಬಿ ಸ್ಟೇಷನ್ನಿಗೆ ಹೋಗಬೇಡಿ.

ಬಸ್ಸಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಘಟ್ಟ ಇಳಿಯುತ್ತದೆ? ಗೋಕರ್ಣದ ಬಸ್ಸುಗಳಲ್ಲಿ ಯಲ್ಲಾಪುರ–ಅಂಕೋಲಾ ಮೇಲೆ ಬರುವುದು ಕುಮಟಾ ಮುಟ್ಟುವುದೇ ಇಲ್ಲ. ಸಾಗರ–ಹೊನ್ನಾವರ ಮೇಲಿನದು ಬೇಕು. ಸ್ವಂತ ಕಾರಿನವರು ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ತೆರೆದಿದೆಯೇ ಎಂದು ಹೊರಡುವ ಹಿಂದಿನ ದಿನ ವಿಚಾರಿಸಿ. ರಸ್ತೆ ಅಗಲಿಸುವ ಕೆಲಸಕ್ಕೂ ಮಳೆಗೂ ಅದನ್ನು ಮತ್ತೆ ಮತ್ತೆ ಮುಚ್ಚಿದ್ದಾರೆ.

ಕುಮಟಾದಿಂದ ಅಘನಾಶಿನಿಗೆ ಸಾರಿಗೆ ಬಸ್ಸು ಇದೆ, ಆದರೆ ನಿಮಿಷಕ್ಕೊಂದಿಲ್ಲ. ಇಳಿದ ಕೂಡಲೇ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಹೋಗುವ ಬಸ್ಸಿನ ಜೊತೆಗೆ ವಾಪಸ್ ಬರುವ ಕೊನೆಯ ಬಸ್ಸಿನ ಹೊತ್ತನ್ನೂ ಕೇಳಿ. ಆಟೋ ಹಿಡಿದರೆ ಹತ್ತುವ ಮೊದಲೇ ಬಾಡಿಗೆ ಮಾತಾಡಿ, ಹಿಂದಿರುಗಲು ಕರೆಯಲು ಚಾಲಕರ ನಂಬರ್ ಬರೆದುಕೊಳ್ಳಿ. ನಗದನ್ನು ಕುಮಟಾದಲ್ಲೇ ತೆಗೆದಿಡಿ, ಹತ್ತು–ಇಪ್ಪತ್ತರ ಚಿಲ್ಲರೆ ಸಮೇತ. ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ಕೂಡ ಕೈಕೊಟ್ಟಂತೆ.

ಉಳಿಯಲು ಹೋಂಸ್ಟೇಗಳು ಚಿಕ್ಕವು, ಮನೆಯವರೇ ಅಡುಗೆ ಮಾಡುವಂಥವು. ಬುಕ್ ಮಾಡುವಾಗ ದರ ತಲೆಗೋ ಕೋಣೆಗೋ, ಅದರಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ, ಕರೆಂಟು ಹೋದರೆ ಏನು ವ್ಯವಸ್ಥೆ ಎಂದು ಕೇಳಿಕೊಳ್ಳಿ. ಮನೆ ಸಸ್ಯಾಹಾರಿಯೋ ಅಲ್ಲವೋ ಎಂದೂ ಕೇಳಬೇಕು. ಹವ್ಯಕರ ಮನೆಯಲ್ಲಿ ತಂಬುಳಿ, ಅಪ್ಪೆಹುಳಿ ಸಿಕ್ಕೀತೇ ಹೊರತು ಬಂಗಡೆ ಸಿಗದು. ಮೀನೂಟ ಬೇಕಾದರೆ ಹಿಂದಿನ ರಾತ್ರಿಯೇ ಹೇಳಿಡಿ, ಬೆಳಗಿನ ಪೇಟೆಯಲ್ಲಿ ಬಂದದ್ದನ್ನು ನೋಡಿ ತರುತ್ತಾರೆ.

ಶನಿವಾರದ ನಡಿಗೆ

ಬಾಡದ ಕಡಲತೀರದಿಂದ ಕಿರುಬೇಲೆ ದಾಟಿ ಅಘನಾಶಿನಿಗೆ ಬರುವ ದಾರಿಯಲ್ಲಿ ಮರಳು, ಬಂಡೆ, ಗುಡ್ಡದ ಕಾಲುದಾರಿ ಮೂರೂ ಇವೆ. ಇಳಿತದ ಕೊನೆಗೆ ಎರಡು ಗಂಟೆ ಮುಂಚೆ ಹೊರಡಿ. ಸಂಜೆ ಐದಕ್ಕೆ ಇಳಿತವಿದ್ದರೆ ಮೂರಕ್ಕೆ ಕಾಲು ಹಾಕಬೇಕು. ಆಗ ಬಂಡೆಗಳಿರುವಲ್ಲಿ ನೀರು ನಿಮ್ಮಿಂದ ದೂರ ಸರಿಯುತ್ತಿರುತ್ತದೆ. ಏರುವ ನೀರಿನಲ್ಲಿ ಹೊರಟವರು ಎರಡು ಬಂಡೆಗಳ ನಡುವೆ ಸಿಕ್ಕಿ, ಮುಂದಕ್ಕೂ ಹಿಂದಕ್ಕೂ ಹೋಗಲಾಗದೆ ಗುಡ್ಡ ಹತ್ತಬೇಕಾಗುತ್ತದೆ. ಬರಿಗಾಲು ಬೇಡ, ಹವಾಯಿ ಚಪ್ಪಲಿಯೂ ಬೇಡ: ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಪಾಚಿ ಜಾರುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಇರಲಿ. ತಲಾ ಎರಡು ಲೀಟರ್ ನೀರು, ಟೋಪಿ, ಒಂದು ಟಾರ್ಚ್ ಸಾಕು.

ಅಳಿವೆ ಬಾಯಲ್ಲಿ ಈಜಲೇಬೇಡಿ. ಇಳಿಯುವ ಹೊತ್ತಿನಲ್ಲಿ ಇಡೀ ಹೊಳೆಯ ನೀರು ಆ ಕಿರಿದಾದ ಬಾಯಿಂದ ಕಡಲಿಗೆ ನುಗ್ಗುತ್ತದೆ, ಒಳ್ಳೆಯ ಈಜುಗಾರರನ್ನೂ ಎಳೆದೊಯ್ಯುತ್ತದೆ. ತೆರೆದ ತೀರದಲ್ಲಿಯೂ ಎರಡು ಕಡೆ ಅಲೆ ಒಡೆದು ನಡುವೆ ಮಾತ್ರ ಶಾಂತವಾಗಿ, ಕಪ್ಪಾಗಿ ಕಾಣುವ ಪಟ್ಟಿಯಿದ್ದರೆ ಅಲ್ಲಿಗಿಳಿಯಬೇಡಿ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಸಿಕ್ಕಿಬಿದ್ದರೆ ನೇರ ದಡಕ್ಕೆ ಈಜಿ ಸುಸ್ತಾಗುವ ಬದಲು, ತೀರಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಸೆಳೆತ ತಪ್ಪಿದ ಮೇಲೆ ದಡದ ಕಡೆ ತಿರುಗಿ.

ಬಳಚು ಆರಿಸುವವರ ದಿಬ್ಬಕ್ಕೆ ಹೋದರೆ ದೂರ ನಿಂತು ನೋಡಿ, ಕೇಳದೆ ಫೋಟೊ ತೆಗೆಯಬೇಡಿ, ನೀವೇ ಕೈಹಾಕಿ ಅಗೆಯಬೇಡಿ. ಅದು ಅವರ ಆ ದಿನದ ಸಂಪಾದನೆ. ಕೆಸರು ಕೆಲವೆಡೆ ಮೊಣಕಾಲು ನುಂಗುವುದರಿಂದ, ಅವರು ನಡೆದ ಹೆಜ್ಜೆಯಲ್ಲೇ ನಡೆಯಿರಿ.

ಭಾನುವಾರ

ತದಡಿಗೆ ದಾಟುವ ದೋಣಿಯಲ್ಲಿ ಜನರ ಜೊತೆ ಬೈಕನ್ನೂ ಹಾಕಿಕೊಳ್ಳುತ್ತಾರೆ, ಕಾರಿಗೆ ಜಾಗವಿಲ್ಲ. ಕಣ್ಣೆದುರಿನ ತದಡಿಗೆ ಕಾರಿನಲ್ಲಿ ಹೋಗಬೇಕೆಂದರೆ ಹೆದ್ದಾರಿಗೆ ಬಂದು, ಹೊಳೆಯ ಸೇತುವೆ ದಾಟಿ, ಮಾದನಗೇರಿ ಮೇಲೆ ಸುತ್ತಬೇಕು. ಸಂಜೆಯ ಕೊನೆಯ ದೋಣಿ ಎಷ್ಟಕ್ಕೆಂದು ಹೋಗುವಾಗಲೇ ದೋಣಿಯವರನ್ನು ಕೇಳಿ. ಅದು ತಪ್ಪಿದರೆ ರಾತ್ರಿ ಅದೇ ಸುತ್ತು ನಿಮ್ಮ ಪಾಲಿಗೆ.

ಬೇಗ ದಾಟಿದವರು ಸಾಣಿಕಟ್ಟಾದ ಉಪ್ಪಿನ ಆಗರ ನೋಡಿಕೊಂಡು, ಮಾದನಗೇರಿಯಲ್ಲಿ ಹೆದ್ದಾರಿ ಹಿಡಿದು, ಮಿರ್ಜಾನ್ ಕೋಟೆಗೆ ಬಂದು ಕುಮಟಾ ಸೇರಬಹುದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದಿರುವ ಕೋಟೆ ಅದು. ಒಂದೂವರೆ ಗಂಟೆ ಬೇಕು, ಒಳಗೆ ನೆರಳು ಕಡಿಮೆ. ಯಾಣವನ್ನೂ ಇದೇ ಎರಡು ದಿನಕ್ಕೆ ತುರುಕಬೇಡಿ, ಅದು ಇನ್ನೊಂದು ಸಲಕ್ಕಿರಲಿ. ಗಾಡಿ ಕುಮಟಾದಲ್ಲಿ ನಿಲ್ಲುವುದು ಕೆಲವೇ ನಿಮಿಷ, ಅರ್ಧ ಗಂಟೆ ಮುಂಚೆ ಪ್ಲಾಟ್‌ಫಾರ್ಮಿನಲ್ಲಿರಿ.

ಸಾಣಿಕಟ್ಟಾದ ಉಪ್ಪು ತೇವ ಬಿಡುತ್ತದೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಟ್ಟೆಯಿಂದ ದೂರವಿಡಿ. ಅಳ್ವೆಕೋಡಿ, ಹಂದಿಗೋಣದ ಬದಿಯಲ್ಲಿ ಈರುಳ್ಳಿ ಕೊಂಡರೆ ಕಟ್ಟು ಬಿಚ್ಚಬೇಡಿ, ಚೀಲದೊಳಗೂ ತುರುಕಬೇಡಿ. ಗಾಳಿಯಾಡದಿದ್ದರೆ ಬೆವರಿ ಕೊಳೆಯುತ್ತದೆ. ಮನೆಗೆ ಬಂದ ಕೂಡಲೇ ಕಟ್ಟು ಸಮೇತ ನೆರಳಲ್ಲಿ ತೂಗುಹಾಕಿ.