ಕುತ್ತಿಗೆಯಲ್ಲಿ ನೀರು ತುಂಬಿದ ಗಂಟು: ಸೂಜಿ ಹಾಕಿದಾಗ ಇಳಿಯಿತು ಅಂತ ಬಿಡಬೇಡಿ

ಹಾವೇರಿಯ ನಮ್ಮ ಕಾಕಾಗೆ 54 ವಯಸ್ಸು. ಅವರ ಕುತ್ತಿಗೆ ಗಂಟನ್ನು ಮೊದಲು ಕಂಡವರು ಕಟಿಂಗ್ ಅಂಗಡಿಯವರು. ದಾಡಿ ಮಾಡುವಾಗ ಎಡಗಡೆ, ಅಡಿಕೆಯಷ್ಟು ದಪ್ಪ, ಮೆತ್ತಗೆ ಕೈಗೆ ಸಿಕ್ಕಿತು. ನೋವಿಲ್ಲ. ಒಂದು ಕ್ಲಿನಿಕ್‌ನಲ್ಲಿ ಸೂಜಿ ಹಾಕಿ ನೀರು ತೆಗೆದರು, ಗಂಟು ಇಳಿಯಿತು, ರಿಪೋರ್ಟ್‌ನಲ್ಲಿ ಏನೂ ಇಲ್ಲ ಅಂತ ಬಂತು, ಮನೆಯವರೆಲ್ಲ ನಿರಾಳ. ಮೂರು ವಾರಕ್ಕೆ ಮತ್ತೆ ತುಂಬಿಕೊಂಡಿತು.

ಹಾಗಾಗಿ ಎರಡು ವಾರವಾದರೂ ಗಂಟು ಹೋಗದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಎಲ್ಲಿದೆ ಅನ್ನೋದು ಮುಖ್ಯ. ನಡುವೆ ಇದ್ದು, ನಾಲಿಗೆ ಚಾಚಿದಾಗ ಮೇಲೇರಿದರೆ ಥೈರೋಗ್ಲಾಸಲ್ ಸಿಸ್ಟ್ (ಹುಟ್ಟಿನಿಂದ ಉಳಿದ ಥೈರಾಯ್ಡ್ ನಾಳದಲ್ಲಿ ಆಗುವ ನೀರಿನ ಚೀಲ) ಇರಬಹುದು. ಹರೆಯದವರಿಗೆ ದವಡೆ ಮೂಲೆಯ ಕೆಳಗಿದ್ದು, ನೆಗಡಿ-ಕೆಮ್ಮು ಬಂದಾಗ ಊದಿದರೆ ಬ್ರಾಂಕಿಯಲ್ ಸಿಸ್ಟ್ (ಇದೂ ಕುತ್ತಿಗೆಯ ಪಕ್ಕದಲ್ಲಿ ಆಗುವ, ಕ್ಯಾನ್ಸರ್ ಅಲ್ಲದ ನೀರಿನ ಚೀಲ) ಇರಬಹುದು. ಟಿಬಿ ಗಂಟನ್ನೂ ಮರೆಯಬೇಡಿ. ಒಳಗೆ ಕೀವಿದ್ದರೂ ಎಷ್ಟೋ ಸಲ ಮುಟ್ಟಿದರೆ ಬಿಸಿ ಇರಲ್ಲ, ನೋವೂ ಇರಲ್ಲ. ತೆಗೆದ ಕೀವನ್ನು ಟಿಬಿ ರೋಗಾಣು ಪತ್ತೆ ಮಾಡುವ ಸಿಬಿನಾಟ್ ಪರೀಕ್ಷೆಗೂ ಕಳಿಸಿ ಅಂತ ಕೇಳಿ.

40 ದಾಟಿದವರ ವಿಷಯವೇ ಬೇರೆ. ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗುವವರೆಗೆ ಬಿಡಲೇಬಾರದು. ಟಾನ್ಸಿಲ್, ನಾಲಿಗೆಯ ಬುಡ ಅಥವಾ ಥೈರಾಯ್ಡ್‌ನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಕ್ಯಾನ್ಸರ್ ಇರಬಹುದು. ಅದು ಕುತ್ತಿಗೆಯ ಗ್ರಂಥಿಗೆ ಹರಡಿ ನೀರಿನ ಚೀಲದ ಹಾಗೆ ಕಾಣುತ್ತದೆ. ಗುಟ್ಕಾ, ಬೀಡಿ ಮುಟ್ಟದವರಿಗೂ ಬರುತ್ತದೆ. ಆ ನೀರಲ್ಲಿ ಜೀವಕೋಶ ಕಡಿಮೆ, ಅದಕ್ಕೇ ಮೊದಲ ರಿಪೋರ್ಟ್ ಮೋಸ ಮಾಡೋದು.

ಮುಂದೆ ಏನು? ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ, ಗಂಟಿನ ಗೋಡೆಯಿಂದ ಅಥವಾ ಗಟ್ಟಿ ಭಾಗದಿಂದ ಮತ್ತೆ ಸೂಜಿ ಪರೀಕ್ಷೆ ಮಾಡಿಸಿ. ಗಂಟಲೊಳಗೆ ದುರ್ಬೀನು ಹಾಕಿ ನೋಡಿಸಿ. ಬೇಕಿದ್ದರೆ ಸಿಟಿ ಅಥವಾ ಎಂಆರ್‌ಐ. ಹುಬ್ಬಳ್ಳಿಯಲ್ಲಿ ಕಾಕಾಗೆ ಎರಡನೇ ಸಲ ಸೂಜಿ ಹಾಕಿದಾಗ ಬಂದದ್ದು ಹಾಲಿಲ್ಲದ ಚಹಾದಂಥ ಕಂದು ನೀರು. ಆ ಬಣ್ಣ ನೋಡಿಯೇ ಡಾಕ್ಟರ್ ನೀರನ್ನು ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಜೀವಕೋಶಗಳು ತಯಾರಿಸುವ ಪ್ರೋಟೀನ್) ಪರೀಕ್ಷೆಗೆ ಕಳಿಸಿದರು. ಜಾಸ್ತಿ ಬಂತು. ಕ್ಯಾನ್ಸರಿನ ಮೂಲ ಇದ್ದದ್ದು ಥೈರಾಯ್ಡ್‌ನಲ್ಲಿ! ಆಪರೇಷನ್ ಆಯಿತು, ಈಗ ದಿನಾ ಬೆಳಿಗ್ಗೆ ಗುಳಿಗೆ ತಗೊಂಡು ಹೊಲಕ್ಕೆ ಹೋಗುತ್ತಾರೆ.

ಒಂದು ಮಾತು ಗಟ್ಟಿಯಾಗಿ ಹಿಡಿಯಿರಿ: ಏನು ಅಂತ ಗೊತ್ತಾಗದೆ ಗಂಟನ್ನು ಕೊಯ್ಯಲು ಬಿಡಬೇಡಿ. ಕ್ಯಾನ್ಸರ್ ಇದ್ದರೆ ಅಲ್ಲೇ ಹರಡಬಹುದು, ಟಿಬಿ ಇದ್ದರೆ ಗಾಯ ಮಾಯದೆ ಸೋರುತ್ತಲೇ ಇರಬಹುದು. ಉಸಿರಾಟಕ್ಕೆ ತೊಂದರೆ ಆದರೆ, ಜೊಲ್ಲೂ ನುಂಗಲು ಆಗದಿದ್ದರೆ ಮಾತ್ರ ಇದಾವುದಕ್ಕೂ ಕಾಯಬೇಡಿ, ತಕ್ಷಣ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಉಳಿದವರು ಹೋಗುವಾಗ ಹಳೆಯ ರಿಪೋರ್ಟ್ ಜೊತೆ ಸೂಜಿ ಪರೀಕ್ಷೆಯ ಗಾಜಿನ ಸ್ಲೈಡ್‌ಗಳನ್ನೂ ಲ್ಯಾಬ್‌ನಿಂದ ಕೇಳಿ ಪಡೆದು ಒಯ್ಯಿರಿ.